ತಮ್ಮನ ಎಂಟನೇ ಹಾಡು

ಮನಸ್ಸಿಗೆ ಹತ್ತಿರವಾದ ಹಾಡನ್ನು ಅಂಗಡಿಯಲ್ಲಿ ಹಾಕಿಕೊಂಡು ಕೇಳಬಾರದು, ಊರವರು ಬಿಡುವುದಿಲ್ಲ. ಚಿಂತಾಮಣಿಯಲ್ಲಿ ಬ್ಲೌಸ್ ಹೊಲಿಯುವ ನನಗೆ ಇದು ಈ ವರ್ಷ ಚೆನ್ನಾಗಿ ಗೊತ್ತಾಯಿತು. ಗೌರಿಬಿದನೂರಿನಲ್ಲಿ ಮೇಷ್ಟ್ರಾಗಿರುವ ನನ್ನ ತಮ್ಮ ಗಿಟಾರ್ ಹಿಡಿದು, ತಾನೇ ಬರೆದು ಹಾಡಿ, ಎಂಟು ಹಾಡಿನ ಆಲ್ಬಮ್ ಮಾಡಿದ. ಒಂದರಲ್ಲೂ ನಗು ಇಲ್ಲ. ಅಮ್ಮ ತೀರಿಕೊಂಡ ಮೇಲೆ ಅವನು ನನ್ನ ಹತ್ತಿರ ಅವಳ ಮಾತನ್ನೇ ಎತ್ತಿರಲಿಲ್ಲ. ಈಗ ದಿನಾ ಫೋನ್: “ಅಕ್ಕಾ, ಕೊನೇದು ಕೇಳಿದ್ಯಾ?” ಅಲ್ಲಿಯವರೆಗೆ ಹೋಗಲು ಬಿಟ್ಟರೆ ತಾನೇ!

ಉಪ್ಪಿಟ್ಟು

ಮೊದಲ ದಿನ ಮೂರನೇ ಹಾಡಿಗೇ ಎದುರುಮನೆಯಾಕೆ ಡಬ್ಬಿ ತುಂಬ ಉಪ್ಪಿಟ್ಟು ತಂದರು. ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲವಲ್ಲ.

“ಯಾರಮ್ಮಾ ಹೋಗಿದ್ದು?”

“ಯಾರೂ ಇಲ್ಲ. ನಮ್ಮ ತಮ್ಮ ಹಾಡ್ತಿದಾನೆ.”

ಡಬ್ಬಿ ಇಟ್ಟೇ ಹೋದರು. “ಅವನಿಗೂ ಸ್ವಲ್ಪ ಕಳ್ಸು ತಾಯಿ. ಪಾಪ, ಊಟ ಮಾಡಿದಂಗಿಲ್ಲ.”

ಮದುವೆ ಬ್ಲೌಸು

ಇನ್ನೊಂದು ದಿನ ಐದನೇ ಹಾಡಿಗೆ, ಅಳತೆಗೆ ನಿಂತಿದ್ದ ಮದುಮಗಳು ಬಿಕ್ಕಿ ಬಿಕ್ಕಿ ಅತ್ತಳು. ಅವಳ ತಾಯಿ ಬೆವತುಹೋದರು. “ಹುಡುಗ ಇಷ್ಟ ಇಲ್ವೇನೇ? ಈಗಲೇ ಹೇಳ್ಬಿಡು!”

“ಅದಲ್ಲ, ಈ ಹಾಡು ಕಣಮ್ಮ, ಹಾಡು!” ಎಂದಳು ಮಗಳು.

ತಾಯಿ ನಿಂತು ಪೂರ್ತಿ ಕೇಳಿದರು. ಆಮೇಲೆ ಸೆರಗಿನಲ್ಲಿ ಮೂಗು ಒರೆಸಿಕೊಂಡು, “ಇದನ್ನ ನನ್ನ ಫೋನಿಗೆ ಹಾಕಮ್ಮ. ಹೆಣ್ಣು ಕಳಿಸಿಕೊಡೋವಾಗ ಹಾಕಣ. ನಮ್ಮ ಕಡೆಯವರು ಯಾರೂ ಸರಿಯಾಗಿ ಅಳಲ್ಲ” ಎಂದರು.

ರಿಪೇರಿ ಭಾಯಿ

ಆಮೇಲೆ ತಮ್ಮ ‘ಕೊನೇದು ಕೇಳಿದ್ಯಾ’ ಅನ್ನುವುದನ್ನೇ ಬಿಟ್ಟ. ಅದು ನನ್ನನ್ನು ಚುಚ್ಚಿತು. ಒಂದು ಮಧ್ಯಾಹ್ನ ಅಂಗಡಿ ಬಾಗಿಲು ಹಾಕಿಕೊಂಡು ನೇರ ಎಂಟನೇ ಹಾಡಿಗೇ ಹೋದೆ. ಅದರಲ್ಲಿ ಮಾತೇ ಇಲ್ಲ. ಗಿಟಾರಿನ ಹಿಂದೆ ಅಮ್ಮನ ಹೊಲಿಗೆ ಮಿಷಿನ್ನು ಕಿರ್ರೋ ಎನ್ನುತ್ತಿತ್ತು. ಅವಳಿದ್ದಾಗಲೇ ಫೋನಿನಲ್ಲಿ ಹಿಡಿದಿಟ್ಟಿದ್ದಾನೆ. ಅದೇ ಮಿಷಿನ್ನಿನ ಮುಂದೆ ನಾನು ಕೂತಿದ್ದೆ. ಅವಳು ತೀರಿಕೊಂಡ ತಿಂಗಳೇ ರಿಪೇರಿ ಮಾಡಿಸಿ, ಆ ಸದ್ದನ್ನು ನಾನೇ ತೆಗೆಸಿದ್ದೆ.

ಮಾರನೇ ದಿನ ಮಿಷಿನ್ ರಿಪೇರಿ ಮಾಡಿದ್ದ ಭಾಯಿಯನ್ನೇ ಕರೆಸಿ ಹಾಡು ಕೇಳಿಸಿದೆ. “ಈ ಸದ್ದು ವಾಪಸ್ ಬರೋ ಹಾಗೆ ಮಾಡ್ಕೊಡಿ.”

ಭಾಯಿ ಕನ್ನಡಕ ತೆಗೆದು ನನ್ನನ್ನೇ ನೋಡಿದರು. “ಬೇಟಿ, ಈ ಸದ್ದು ಹೋಗ್ಲಿಲ್ಲ ಅಂತ ನಿಮ್ಮಮ್ಮ ಇಪ್ಪತ್ತು ವರ್ಷ ನನ್ನ ಬೈದ್ರು. ಈಗ ನಾನೇ ವಾಪಸ್ ಹಾಕಿದ್ರೆ ಮೇಲಿಂದಾನೂ ಬೈತಾರೆ!”

ತಮ್ಮನಿಗೆ ಫೋನ್ ಮಾಡಿ, ಕೊನೆಯದು ಕೇಳಿದೆ ಎಂದೆ. ಭಾಯಿ ಹೇಳಿದ್ದನ್ನೂ ಹೇಳಿದೆ. ಅವನು ಜೋರಾಗಿ ನಕ್ಕ.

“ಬೈಲಿ ಬಿಡಕ್ಕ,” ಎಂದ. “ಬೈಸ್ಕೊಂಡು ಎಷ್ಟು ದಿನ ಆಯ್ತು.”