ನೀರಿಗಿಳಿಯದ ನನ್ನ ಯುದ್ಧನೌಕೆ

ಯುದ್ಧನೌಕೆ ಡಿಸೈನು ಅಂದರೆ ಬಲು ಗಂಭೀರವಾದ ಕೆಲಸ ಅಂತ ಜನ ಅಂದುಕೊಳ್ತಾರೆ. ಕೆಲಸವೇನೋ ಗಂಭೀರವೇ, ಆದರೆ ನನ್ನ ಸುತ್ತಲಿನವರು ಹಾಗೆ ಇರೋಕೆ ಬಿಟ್ಟರೆ ತಾನೆ! ಒಂದೇ ಮಾದರಿಯ ಹಲವು ನೌಕೆಗಳಿಗಾಗಿ ನಮ್ಮ ತಂಡ ವರ್ಷಗಟ್ಟಲೆ ದುಡಿಯಿತು. ಹಡಗಿನೊಳಗೆ ಗಾಳಿ ಓಡಾಡಿಸೋ ಜವಾಬ್ದಾರಿ ನನ್ನದು. ಕೊನೆಗೆ ಒಂದೂ ನೀರಿಗಿಳಿಯಲಿಲ್ಲ. ಆದರೂ ಇವತ್ತಿಗೂ ನಾನು ‘ನನ್ನ ಹಡಗು’ ಅಂತಲೇ ಹೇಳೋದು.

ಕಬ್ಬಿಣದ ಕೆಲಸ

ಕ್ಯಾಲಿಫೋರ್ನಿಯಾದ ಸರಟೋಗಾದಲ್ಲಿ ಗೆಳತಿಯ ಮನೆಯ ಪೂಜೆ. ಪ್ರಸಾದ ತಿನ್ನುತ್ತಿದ್ದ ಹಿರಿಯರೊಬ್ಬರು ಕೇಳಿದರು, “ಏನಮ್ಮಾ ಕೆಲಸ?”

“ಯುದ್ಧನೌಕೆ ಡಿಸೈನ್ ಮಾಡ್ತೀವಿ, ಅಂಕಲ್.”

“ಓಹೋ, ಗೇಮಿಂಗ್ ಕಂಪನಿ!”

“ಅಲ್ಲ ಅಂಕಲ್, ನಿಜವಾದ ಹಡಗು. ಕಬ್ಬಿಣದ್ದು.”

ಅವರು ಚಮಚ ಕೆಳಗಿಟ್ಟು, ದನಿ ತಗ್ಗಿಸಿ ಹೇಳಿದರು: “ಧೈರ್ಯವಾಗಿರಮ್ಮ. ನಮ್ಮ ಹುಡುಗ ಮೆನ್ಲೋ ಪಾರ್ಕಲ್ಲಿ ದೊಡ್ಡ ಕಂಪನೀಲಿದಾನೆ, ಹೇಗಾದ್ರೂ ಸಾಫ್ಟ್‌ವೇರಿಗೆ ಸೇರಿಸ್ತಾನೆ.”

ಕಿಟಕಿ ಇಲ್ಲದ ಮನೆ

ಧಾರವಾಡದಿಂದ ಅತ್ತೆ ಮಾರ್ಗನ್ ಹಿಲ್‌ನ ನಮ್ಮ ಮನೆಗೆ ಬಂದಿದ್ದರು. ಆಫೀಸಿನಲ್ಲಿ ಮನೆಯವರನ್ನು ಕರೆತರುವ ದಿನ. ಹಡಗಿನ ಅಡುಗೆಮನೆಯನ್ನು ಪ್ಲೈವುಡ್ಡಲ್ಲಿ ನಿಜವಾದ ಅಳತೆಗೇ ಕಟ್ಟಿ ನಿಲ್ಲಿಸಿದ್ದೆವು. ಅತ್ತೆ ಒಳಗೆ ಹೊಕ್ಕು ಸುತ್ತ ಕಣ್ಣಾಡಿಸಿದರು.

“ಇದಕ್ಕ ಕಿಡಕಿನ ಇಲ್ಲಲ್ಲವಾ!”

“ಯುದ್ಧದ ಹಡಗಲ್ವಾ ಅತ್ತೆ, ಕಿಟಕಿ ಇಡಲ್ಲ.”

“ಮತ್ತ ಒಗ್ಗರಣಿ ಹೊಗಿ ಎಲ್ಲಿ ಹೋಗಬೇಕು?”

“ಅದನ್ನ ಹೊರಗೆ ಕಳಿಸೋದೇ ನನ್ನ ಕೆಲಸ.”

ಅತ್ತೆಯ ಮುಖ ಅರಳಿತು. ಮನೆಗೆ ಬಂದವರೇ ಊರಿಗೆ ಫೋನು ಹಚ್ಚಿದರು: “ನಮ್ಮ ಸೊಸಿ ಇಲ್ಲಾಂದ್ರ ಅಮೆರಿಕಾದ ನೇವಿಗೆ ನೇವಿನ ಕೆಮ್ಮತಿತ್ತು ನೋಡವಾ!”

ಕೇಕು

ಡಿಸೈನಿನ ಕೊನೆಯ ಪರೀಕ್ಷೆ ಮುಗಿದ ದಿನ. “ಇಷ್ಟು ಸದ್ದಿಲ್ಲದ ಗಾಳಿ ವ್ಯವಸ್ಥೆ ನಾನು ಯಾವ ಹಡಗಲ್ಲೂ ಕಂಡಿಲ್ಲ” ಅಂತ ನೌಕಾಪಡೆಯ ಅಧಿಕಾರಿಯೇ ನನಗೆ ಹೇಳಿದ್ದರು. ನನ್ನ ಕಾಲು ನೆಲದ ಮೇಲಿರಲಿಲ್ಲ. ಹಡಗಿನ ಆಕಾರದ ಕೇಕು ಮೇಜಿಗೆ ಬಂತು. ಅಷ್ಟರಲ್ಲಿ ಬಾಸಿನ ಫೋನು ರಿಂಗಾಯಿತು. ಮಾತಾಡಿ ಮುಗಿಸಿದವರು ಮೆತ್ತಗೆ ಹೇಳಿದರು, ಈ ನೌಕೆಗಳನ್ನು ಕಟ್ಟೋದೇ ಬೇಡ ಅಂತ ಮೇಲಿನವರು ತೀರ್ಮಾನಿಸಿದ್ದಾರಂತೆ.

ನನ್ನ ಕಣ್ಣು ತುಂಬಿ ಬಂದಿತ್ತು. ಪಕ್ಕದಲ್ಲಿದ್ದ ಶಿವಾಜಿನಗರದ ಸಹೋದ್ಯೋಗಿ, ಹಡಗಿನ ಒಡಲನ್ನು ರೂಪಿಸಿದಾತ, ಚಾಕು ಎತ್ತಿಕೊಂಡು ನನಗೆ ಮಾತ್ರ ಕೇಳೋ ಹಾಗೆ ಅಂದ: “ಕಟ್ಟಕ್ಕಂತೂ ಬಿಡ್ಲಿಲ್ಲ ಮೇಡಂ, ಕಟ್ ಮಾಡಕ್ಕಾದ್ರೂ ಬಿಡ್ತಾರಾ ಕೇಳಿ!”

ಅಳು ಬರಬೇಕಿದ್ದ ಕಡೆ ನಗು ಉಕ್ಕಿತು. ಏನಂದ, ಏನಂದ ಅಂತ ಬಾಸು ಕೇಳಿದ್ದೇ ಕೇಳಿದ್ದು. ಇಂಗ್ಲಿಷಿಗೆ ಬರಲ್ಲ ಸಾರ್ ಅಂದೆ.

ಹಡಗು ಹೋತು

ನನ್ನ ಗಾಳಿ ವ್ಯವಸ್ಥೆಯನ್ನು ಆಮೇಲೆ ಬೇರೊಂದು ಹಡಗಿಗೆ ಆರಿಸಿಕೊಂಡರು. ಆದರೆ ಆ ಸಂಜೆ ಅದೆಲ್ಲ ಯಾರಿಗೆ ಗೊತ್ತಿತ್ತು? ಮನೆಗೆ ಬಂದು ಸೋಫಾದ ಮೇಲೆ ಕುಸಿದು, “ಅತ್ತೆ, ನಮ್ಮ ಹಡಗು ಹೋಯ್ತು” ಅಂದೆ ಅಷ್ಟೇ.

ಮಗಳು “ಇಟ್ ಗಾಟ್ ಕ್ಯಾನ್ಸಲ್ಡ್, ಅಜ್ಜಿ” ಅಂತ ಬಿಡಿಸಿ ಹೇಳೋ ಹೊತ್ತಿಗೆ ಅತ್ತೆಯ ಫೋನಿನಿಂದ ‘ಹಡಗು ಹೋತು’ ಅನ್ನೋ ಸುದ್ದಿ ಧಾರವಾಡ ಮುಟ್ಟಿಯಾಗಿತ್ತು. ಮರುದಿನ ಅಲ್ಲಿಯ ನೆರೆಮನೆ ಕಾಕು ಅಳುತ್ತಾ ಫೋನು ಮಾಡಿದರು.

“ಎಷ್ಟ ಮಂದಿ ಹೋದ್ರವಾ?”

“ಯಾರಿಗೂ ಏನೂ ಆಗಿಲ್ಲ ಕಾಕು, ಎಲ್ಲರೂ ಆರಾಮಿದಾರೆ. ಹಡಗೇ…”

ಅಷ್ಟರಲ್ಲಿ ಅತ್ತೆ ನನ್ನ ಕೈಯಿಂದ ಫೋನು ಕಸಿದುಕೊಂಡು, ಎದೆಯುಬ್ಬಿಸಿ ಹೇಳಿದರು:

“ಕೇಳಿದ್ಯಾ? ಹಡಗ ಮುಳಗಿದ್ರೂ ಒಬ್ಬರ ಕಾಲಿಗೂ ನೀರ ತಾಗಿಲ್ಲ. ಹಂಗ ಮಾಡ್ಯಾಳ ನಮ್ಮ ಸೊಸಿ!”