ನೆಲದಡಿಯ ಕೋಣೆಗೆ ಇವರ ಪ್ಲಾನು

ಗೋಡೆಗೆ ಒಂದು ಮೊಳೆ ಹೊಡೆಯಲಿಕ್ಕೂ ಮೂರು ದಿನ ಯೋಚಿಸುವ ಗಂಡ ಮನೆಯಲ್ಲಿದ್ದರೆ ನಗಲಿಕ್ಕೆ ಬೇರೆ ಕಡೆ ಹೋಗಬೇಕಾಗಿಲ್ಲ. ನಮ್ಮದು ಕುಲಶೇಖರದ ಇಳಿಜಾರಿನಲ್ಲಿರುವ ಮನೆ. ರಸ್ತೆಯಿಂದ ನೋಡಿದರೆ ಒಂದೇ ಅಂತಸ್ತು. ಪಕ್ಕದ ಮೆಟ್ಟಿಲು ಇಳಿದು ಹಿಂದೆ ಹೋದರೆ ಅಡಿಯಲ್ಲಿ ಇನ್ನೊಂದು ದೊಡ್ಡ ಕೋಣೆ. ನಾವದನ್ನು ಅಂಡರ್‌ಗ್ರೌಂಡ್ ಎನ್ನುತ್ತೇವೆ.

ಇವರು ಇಪ್ಪತ್ತೆರಡು ವರ್ಷ ದುಬೈಯ ಗೋದಾಮಿನಲ್ಲಿ ದುಡಿದು ಊರಿಗೆ ಬಂದವರು. ವರ್ಷಕ್ಕೊಂದು ತಿಂಗಳು ಮಾತ್ರ ಮನೆಯಲ್ಲಿರುತ್ತಿದ್ದ ಕಾರಣ ಯಾವ ಸ್ವಿಚ್ಚು ಯಾವ ಲೈಟಿನದ್ದು ಎಂದೂ ಗೊತ್ತಿರಲಿಲ್ಲ. ಬಂದು ಎರಡು ವಾರವಾದಾಗ, "ಈ ಮನೆಯಲ್ಲಿ ನಾನು ಮಾಡಿದ್ದು ಅಂತ ಒಂದಾದರೂ ಬೇಕು ಮಾರಾಯ್ತಿ" ಎಂದರು. ಹಾಗೆ ಅಂಡರ್‌ಗ್ರೌಂಡನ್ನು ಹೊಸತು ಮಾಡುವ ಯೋಜನೆ ಶುರುವಾಯಿತು. ಕೋಣೆ ಈಗ ಮುಗಿದಿದೆ. ನಾನು ಹೇಳುವುದು ಅದಕ್ಕೆ ಮುಂಚಿನ ಆರು ತಿಂಗಳ ಸಂಗತಿ.

ನಕ್ಷೆ

ಎಂಜಿನಿಯರ್ ಬೇಡ, ನಕ್ಷೆ ನಾನೇ ಬರೆಯುತ್ತೇನೆ ಎಂದು ಇವರು ಹಂಪನಕಟ್ಟೆ ಪೇಟೆಯಿಂದ ಚೌಕುಳಿ ಕಾಗದ ತಂದರು. ಒಂದು ವಾರ ಊಟದ ಮೇಜು ನಮಗೆ ಸಿಗಲಿಲ್ಲ. ಮಂಚ, ಸೋಫಾ, ಪುಸ್ತಕದ ಕಪಾಟು, ಬಾತ್‌ರೂಮು ಎಲ್ಲ ಒಂದೊಂದು ಬಣ್ಣದಲ್ಲಿ ಮೂಡಿದವು. ಹಳೆಯ ಬಾಗಿಲಿದ್ದ ಕಡೆ ಗಾಳಿ ಬರಲಿ ಎಂದು ದೊಡ್ಡ ಕಿಟಕಿ.

ಕಂಟ್ರಾಕ್ಟರ್ ಬಂದರು. ಒಳ್ಳೆಯ ಮನುಷ್ಯ, ಮನೆಯಲ್ಲಿ ಕರಾವಳಿಯ ಮುಸ್ಲಿಮರ ಬ್ಯಾರಿ ಭಾಷೆ, ನಮ್ಮೊಟ್ಟಿಗೆ ತುಳು. ನಕ್ಷೆಯನ್ನು ತಿರುಗಿಸಿ ತಿರುಗಿಸಿ ನೋಡಿದರು. ಕೊನೆಗೆ, "ಎಲ್ಲ ಚಂದ ಉಂಟು ಅಣ್ಣ. ಒಳಗೆ ಹೋಗುವುದು ಎಲ್ಲಿಂದ?" ಎಂದು ಮೆಲ್ಲಗೆ ಕೇಳಿದರು.

ಇವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಬಾಗಿಲು ಕಿಟಕಿಯಾಗಿ ಹೋಗಿತ್ತು. ಒಳಗಿನಿಂದ ಮೆಟ್ಟಿಲು ಇಡಲಿಕ್ಕೆ ಮರೆತೇ ಹೋಗಿತ್ತು. ಮೂಲೆಯಲ್ಲಿ ಬೀನ್ಸ್ ಮುರಿಯುತ್ತಿದ್ದ ನನ್ನ ಅತ್ತೆ ತಲೆ ಎತ್ತದೆ ಹೇಳಿದರು: "ಇವನು ದುಬೈಗೆ ಹೋದದ್ದೂ ಹೀಗೆಯೇ. ಅಲ್ಲಿ ಎಂತೆಲ್ಲ ಉಂಟು ಅಂತ ನೋಡಿದ, ವಾಪಸು ಬರುವ ದಾರಿ ನೋಡಲಿಲ್ಲ."

ಪೆಟ್ಟಿಗೆಗಳು

ಕೋಣೆ ಖಾಲಿ ಮಾಡಬೇಕಿತ್ತು. ನಾನು ಹೆದರಿದ್ದು ಈ ಒಂದು ದಿನಕ್ಕೆ. ದುಬೈಯಿಂದ ಇವರು ವರ್ಷ ವರ್ಷ ಕಳಿಸಿದ ಸಾಮಾನಿನ ಅರ್ಧಪಾಲು ಅಲ್ಲಿತ್ತು, ಕಟ್ಟಿದ ಹಗ್ಗ ಕಟ್ಟಿದ ಹಾಗೆಯೇ.

ಕೈಗೆ ಮೊದಲು ಸಿಕ್ಕಿದ್ದೇ ಕಸ ಎಳೆಯುವ ಯಂತ್ರ. ಹದಿನಾಲ್ಕು ವರ್ಷದ ಹಿಂದೆ ಕಳಿಸಿದ್ದು. ಪ್ರತಿ ಶುಕ್ರವಾರ ಫೋನಿನಲ್ಲಿ ಅದು ಹೇಗೆ ನಡೆಯುತ್ತದೆ ಎಂದು ಇವರು ಕೇಳುವುದು, ಬಹಳ ಉಪಯೋಗ ಆಗ್ತದೆ ಎಂದು ನಾನು ಹೇಳುವುದು. ನಮ್ಮ ಕೆಂಪು ಸಿಮೆಂಟಿನ ನೆಲ ಗುಡಿಸಲಿಕ್ಕೆ ಹಿಡಿಸೂಡಿ ಸಾಕು ಎಂದು ಹೇಳಿ, ಅಷ್ಟು ದೂರದಲ್ಲಿ ಒಬ್ಬರೇ ಇರುವವರ ಮನಸ್ಸು ಯಾಕೆ ನೋಯಿಸಬೇಕು?

ಇವರು ಪೆಟ್ಟಿಗೆಯ ಟೇಪನ್ನು ಬೆರಳಿನಿಂದ ಸವರಿದರು. "ಒಡೆದೇ ಇಲ್ಲವಲ್ಲ. ಉಪಯೋಗ ಆಗ್ತದೆ ಅಂದದ್ದು?"

"ಸುಳ್ಳು ಹೇಳಲಿಲ್ಲ" ಎಂದೆ. "ಬಲ್ಬು ಹಾಕಲಿಕ್ಕೆ ಇಷ್ಟು ವರ್ಷ ಅದರ ಮೇಲೆಯೇ ಹತ್ತಿದ್ದು."

ನೀಲಿ ನೀರು

ಅಂಡರ್‌ಗ್ರೌಂಡಿನ ಒಂದು ಗೋಡೆ ಬೇಸಿಗೆಯಲ್ಲೂ ಒದ್ದೆ. ನೀರು ಎಲ್ಲಿಯದ್ದು ಎಂದು ಯಾರಿಗೂ ಗೊತ್ತಾಗಲಿಲ್ಲ. ಪ್ಲಂಬರ್ ರಸ್ತೆಯ ಚರಂಡಿಯನ್ನು ದೂರಿದ, ಕಂಟ್ರಾಕ್ಟರ್ ಪ್ಲಂಬರನ್ನು ದೂರಿದರು. ಇವರಿಗೆ ಉಪಾಯ ಹೊಳೆಯಿತು. ಬಟ್ಟೆಗೆ ಹಾಕುವ ನೀಲಿಯ ಇಡೀ ಬಾಟ್ಲಿಯನ್ನು ನಮ್ಮ ಬಚ್ಚಲಿನಲ್ಲಿ ಹೊಯ್ದು, ನಾಲ್ಕು ಬಕೆಟ್ ನೀರು ಬಿಟ್ಟು, ಕೆಳಗೆ ಹೋಗಿ ಗೋಡೆ ನೋಡುತ್ತ ಕುಳಿತರು. ಗೋಡೆಯಲ್ಲಿ ಎಂತದೂ ಕಾಣಲಿಲ್ಲ.

ಮಾರನೇ ದಿನ ಕೆಳಗಿನ ಮನೆಯ ಬಾಯಮ್ಮ ಬಂದರು. ಕ್ರೈಸ್ತ ಹೆಂಗಸರನ್ನು ನಮ್ಮಲ್ಲಿ ಹಾಗೆಯೇ ಕರೆಯುವುದು. ಅವರ ಹಿತ್ತಲಿನ ಕಡಿದಾದ ಮಣ್ಣಿನ ದರೆಯಲ್ಲಿ ಒಂದು ಒರತೆ ಇತ್ತು. ವರ್ಷವಿಡೀ ಸಣ್ಣಗೆ ಜಿನುಗುವ ಆ ನೀರನ್ನು ಅವರು ಮಲ್ಲಿಗೆ ಗಿಡಗಳಿಗೆ ಬಿಡುತ್ತಿದ್ದರು. ಅದು ದೇವರು ಕೊಟ್ಟ ನೀರು ಎಂದು ಅವರ ನಂಬಿಕೆ. ಇವತ್ತು ಬೆಳಿಗ್ಗೆ ಅದು ನೀಲಿ ಬರುತ್ತಿದೆಯಂತೆ.

ಇವರು ತಲೆ ತಗ್ಗಿಸಿ ನಿಜ ಹೇಳಿದರು. ಸೋರುವುದು ನಮ್ಮ ಬಚ್ಚಲಿನ ಪೈಪು, ಗೋಡೆಯ ಹಿಂದಿನಿಂದ ಇಳಿದು ನಿಮ್ಮಲ್ಲಿಗೆ ಬರುತ್ತದೆ, ಈ ವಾರವೇ ಸರಿಮಾಡಿಸುತ್ತೇನೆ ಎಂದರು. ಬಾಯಮ್ಮ ಗಾಬರಿಯಾದರು. "ಹಾಗೆ ಮಾಡಬೇಡಿ. ಮೂವತ್ತು ಗಿಡ ಉಂಟು, ಒಣಗಿ ಹೋಗ್ತದೆ" ಎಂದು ಕೈ ಹಿಡಿದರು.

ಕೊನೆಗೆ ಹೊಸ ಪೈಪು ಹಾಕಿ ಅದರ ತುದಿಯನ್ನು ಅವರ ಹಿತ್ತಲಿಗೇ ಬಿಟ್ಟೆವು. ಬಾಯಮ್ಮ ವಾರ ವಾರ ಪ್ರೀತಿಯಿಂದ ಕಳಿಸುತ್ತಿದ್ದ ಮಲ್ಲಿಗೆ ಚೆಂಡನ್ನು ಇಷ್ಟು ವರ್ಷ ನಾನು ಮುಡಿದೇ ಮುಡಿದೆ. ಅದು ನಮ್ಮದೇ ಸ್ನಾನದ ನೀರಿನ ಹೂವು ಎಂದು ಯಾರಿಗೆ ಗೊತ್ತಿತ್ತು?

ಅಡಿಯಿಂದ ಬಂದ ಸದ್ದು

ಜುಲೈಯ ಒಂದು ಮಧ್ಯಾಹ್ನ ನಾನು ಪರದೆ ಬಟ್ಟೆ ನೋಡಲಿಕ್ಕೆ ಪೇಟೆಗೆ ಹೋಗಿದ್ದೆ. ಇವರೂ ಕಂಟ್ರಾಕ್ಟರೂ ಕೊನೆಯ ಸಲ ಅಳತೆ ತೆಗೆಯಲಿಕ್ಕೆ ಕೆಳಗೆ ಇಳಿದಿದ್ದರು. ಜೋರು ಮಳೆ. ಇರಚಲು ಬರುತ್ತದೆ ಎಂದು ಹಳೆಯ ಬಾಗಿಲನ್ನು ಎಳೆದುಕೊಂಡರು. ನೀರು ಕುಡಿದು ಉಬ್ಬಿದ್ದ ಹಲಗೆ ಚೌಕಟ್ಟಿಗೆ ಕಚ್ಚಿಕೊಂಡಿತು, ಮತ್ತೆ ಅಲುಗಲಿಲ್ಲ. ಫೋನಿಗೆ ಅಲ್ಲಿ ಸಿಗ್ನಲ್ ಇಲ್ಲ. ಕೂಗಿದ್ದು ಮಳೆಯಲ್ಲಿ ಯಾರಿಗೂ ಕೇಳಲಿಲ್ಲ. ಇವರು ಒಂದು ಕೋಲು ಹುಡುಕಿ ತಲೆಯ ಮೇಲಿನ ಸ್ಲ್ಯಾಬಿಗೆ ಕುಟ್ಟತೊಡಗಿದರು.

ಮೇಲೆ ಅತ್ತೆ ಒಬ್ಬರೇ. ಕಿವಿ ಸ್ವಲ್ಪ ಮಂದ.

ಎರಡು ಗಂಟೆ ಕಳೆದು, ಮಳೆ ಬಿಟ್ಟ ಮೇಲೆ ನಾನು ಮನೆಗೆ ಬಂದಾಗ ಅತ್ತೆ ನಡುಕೋಣೆಯಲ್ಲಿ ಕುರ್ಚಿ ಹಾಕಿ ಕೂತಿದ್ದರು. ಎದುರಿಗೆ ನೆಲದ ಮೇಲೆ ಒಂದು ಲೋಟ ಕಾಫಿ, ಮೇಲೆ ತಟ್ಟೆ ಮುಚ್ಚಿದ್ದು.

"ನಿನ್ನ ಮಾವ ಬಂದಿದ್ದಾರೆ" ಎಂದರು, ಬಹಳ ಸಮಾಧಾನದಲ್ಲಿ.

ಮಾವ ತೀರಿಕೊಂಡು ಒಂಬತ್ತು ವರ್ಷ. ಬದುಕಿದ್ದಾಗ ಕಾಫಿ ಬೇಕಾದರೆ ಬಾಯಲ್ಲಿ ಕೇಳುತ್ತಿರಲಿಲ್ಲ, ಊರುಗೋಲಿನಿಂದ ನೆಲ ಕುಟ್ಟುತ್ತಿದ್ದರು.

"ಕಾಫಿ ಇಟ್ಟೆ, ಆದರೂ ಸುಮ್ಮನಾಗುವುದಿಲ್ಲ" ಎಂದು ಅತ್ತೆ ಮುಂದುವರಿಸಿದರು. "ಒಟ್ಟಿಗೆ ಇನ್ನೊಬ್ಬ ಇದ್ದಾನೆ, ಬ್ಯಾರಿ ಭಾಷೆಯಲ್ಲಿ ಎಂತದೋ ಹೇಳ್ತಾನೆ. ನಿನ್ನ ಮಾವ ಇಲ್ಲಿರುವಾಗ ನೆರೆಮನೆಯವರೊಟ್ಟಿಗೂ ಸೇರದ ಮನುಷ್ಯ. ಅಲ್ಲಿ ಹೋಗಿ ಸ್ನೇಹಿತರು ಸಿಕ್ಕಿದ್ದಾರೆ, ಒಳ್ಳೆಯದಾಯಿತು."

ಅಷ್ಟರಲ್ಲಿ ಅಡಿಯಿಂದ ನನ್ನ ಹೆಸರು ಕೇಳಿಸಿತು. ಈ ಸ್ವರ ನನಗೆ ಗೊತ್ತು. ಓಡಿ ಹೋಗಿ, ಹಾರೆ ತೂರಿಸಿ ಮೀಟಿ, ನಾನು ಹೊರಗಿನಿಂದ ಎಳೆದು, ಅವರಿಬ್ಬರು ಒಳಗಿನಿಂದ ದೂಡಿ ಬಾಗಿಲು ತೆಗೆದೆವು.

ಮೇಲೆ ಬಂದ ಮಗನನ್ನು ಅತ್ತೆ ಬಹಳ ಹೊತ್ತು ನೋಡಿದರು. "ನೀನಾ?" ಎಂದರು. ಸ್ವರದಲ್ಲಿ ಸ್ವಲ್ಪ ನಿರಾಸೆಯೇ ಇತ್ತು. ಇವರು ತಾಯಿಯ ಕಾಲಬುಡದಲ್ಲಿ ಕೂತರು.

ಕಂಟ್ರಾಕ್ಟರಿಗೆ ಇದೆಲ್ಲ ಗೊತ್ತಿಲ್ಲ. ಪಾಪ, ಗಂಟಲು ಒಣಗಿತ್ತು. ತಮಗೇ ಇಟ್ಟದ್ದೆಂದು ನೆಲದ ಮೇಲಿನ ಲೋಟ ಎತ್ತಿ ಗಟಗಟ ಕುಡಿದು, ಮುಖ ಸ್ವಲ್ಪ ಹುಳಿ ಮಾಡಿ, "ಸಕ್ಕರೆ ಹಾಕಲಿಲ್ಲವಾ ಅಮ್ಮ?" ಎಂದರು.

ಅತ್ತೆ ಹೇಳಿದರು: "ಅವರಿಗೆ ಶುಗರ್ ಉಂಟಲ್ಲ."