ಇಲ್ಲಿ ಸೀಟು ಮಾಡಿಕೊಡಲಾಗುವುದು

ಸೀಟು ಎಂಬ ಎರಡಕ್ಷರದ ಪದವನ್ನು ಹುಟ್ಟಿಸಿದ ಪುಣ್ಯಾತ್ಮ ಯಾರೋ ಗೊತ್ತಿಲ್ಲ. ಸಿಕ್ಕಿದರೆ ನನ್ನ ಅಂಗಡಿಗೇ ಎಳೆದು ತಂದು, ಒಂದು ಸೀಟಿನ ಮೇಲೆ ಕೂರಿಸಿ, ಅವನನ್ನೂ ಸೇರಿಸಿ ಸುತ್ತಲೂ ಹೊಲಿಗೆ ಹಾಕಿಬಿಡೋಣ ಎನ್ನುವಷ್ಟು ಸಿಟ್ಟಿದೆ ನನಗೆ. (ಸೀಟಿಗೂ ಸಿಟ್ಟಿಗೂ ಇರುವ ಅಂತರ ಎಷ್ಟು ಕಡಿಮೆ ನೋಡಿ!)

ನನ್ನ ಕಸುಬೇ ಸೀಟು ಹೊಲಿಯುವುದು. ಕಾರು, ಬಸ್ಸು, ಸ್ಕೂಟರು, ಕ್ಷೌರದಂಗಡಿಯ ಕುರ್ಚಿ, ಹಲ್ಲು ಕೀಳುವವರ ಕುರ್ಚಿ, ಹೀಗೆ ಮನುಷ್ಯ ಕೂರಬಹುದಾದ ಯಾವ ಜಾಗವೇ ಇರಲಿ, ಸ್ಪಂಜು ತುಂಬಿ, ರೆಕ್ಸಿನ್ ಬಿಗಿದು, ಅಂಚು ಹೊಲಿದು ಕೊಡುತ್ತೇನೆ. ಬಾಗಿಲ ಮೇಲಿನ ಬೋರ್ಡನ್ನು ನಾನೇ ನಿಂತು ಬರೆಸಿದ್ದು: "ಇಲ್ಲಿ ಎಲ್ಲ ತರಹದ ಸೀಟುಗಳನ್ನು ಖಾತರಿಯಾಗಿ ಮಾಡಿಕೊಡಲಾಗುವುದು." ಊರಿನ ಅರ್ಧ ಜನ ನನ್ನ ಕೈಚಳಕದ ಮೇಲೆ ಕೂತೇ ಓಡಾಡುತ್ತಾರೆ ಎಂಬ ಹೆಮ್ಮೆ ಬೇರೆ. ಇಂಥ ಮಹಾಶಯನ ಮನೆಯಲ್ಲೇ ಒಂದು ಸೀಟಿಗಾಗಿ ಹಾಹಾಕಾರ ಎದ್ದ ದಿನದ ಕಥೆ ಇದು.

ಮಗಳ ಪರೀಕ್ಷೆಯ ಫಲಿತಾಂಶ ಬಂದಿತ್ತು. ಅವಳಿಗೆ ಡಾಕ್ಟರ್ ಆಗಬೇಕು. ಇದು ನಿನ್ನೆ ಮೊನ್ನೆಯ ಆಸೆಯಲ್ಲ. ಚಿಕ್ಕವಳಿದ್ದಾಗ ನನ್ನ ಬೆರಳಿಗೆ ಸೂಜಿ ಚುಚ್ಚಿದರೆ ಇಡೀ ಕೈಗೆ ಬಟ್ಟೆ ಸುತ್ತಿ, "ಅಪ್ಪಾ, ಎರಡು ದಿನ ಮಾತಾಡಬಾರದು" ಎಂದು ಪಥ್ಯ ಹೇಳುತ್ತಿದ್ದ ಮಗು. (ಆ ಪಥ್ಯವನ್ನು ಆಗಲೇ ಪಾಲಿಸಿದ್ದರೆ ಎಷ್ಟು ಚೆನ್ನಾಗಿತ್ತು.) ಸೀಟು ಕೊಡುತ್ತೇವೆ ಎಂದಿದ್ದ ಕಾಲೇಜಿನವರು ಕೇಳಿದ್ದಕ್ಕಿಂತ ಎರಡೇ ಎರಡು ಅಂಕ ಕಡಿಮೆ ಬಂತು. ಅವರು "ಕ್ಷಮಿಸಿ" ಎಂದು ಕೈ ತೊಳೆದುಕೊಂಡರು. ಮಗಳು ಅಳಲಿಲ್ಲ. ಮೇಜಿನ ಮುಂದೆ ಸುಮ್ಮನೆ ಕೂತು ಪೆನ್ನಿನ ಮುಚ್ಚಳ ತೆಗೆಯುತ್ತ ಹಾಕುತ್ತ ಇದ್ದಳು. ಅವಳ ಬದಲು ನಾನೇ ಕಣ್ಣೊರೆಸಿಕೊಂಡೆ.

ನನ್ನವಳು ಹಾಗೆಲ್ಲ ಕರಗುವ ಪೈಕಿ ಅಲ್ಲ. ಗಣಿತದ ಟೀಚರು. ಅಂಗೈ ತಟ್ಟಿ ನಮ್ಮಿಬ್ಬರನ್ನೂ ಎದುರಿಗೆ ಕೂರಿಸಿಕೊಂಡಳು.

"ಅಳೋದಕ್ಕೆ ಸಂಜೆ ಟೈಮಿದೆ. ಉಳಿದಿರೋ ಸೀಟನ್ನ ಇವತ್ತೇ ಫೋನಲ್ಲಿ ಹಂಚ್ತಾರೆ. ಫೋನ್ ಸಿಕ್ಕಿದೋರನ್ನ ಪ್ರೊಫೆಸರು ನಾಲ್ಕು ಪ್ರಶ್ನೆ ಕೇಳ್ತಾರೆ. ಒಪ್ಪಿದ್ರೆ ಸೀಟು. ಹ್ಞೂಂ, ಹಿಡ್ಕೊಳ್ಳಿ ಫೋನು!"

ನಮ್ಮ ಊಟದ ಮೇಜು ಕ್ಷಣಮಾತ್ರದಲ್ಲಿ ಯುದ್ಧಭೂಮಿಯಾಯಿತು. ತಾಯಿಯ ಕಿವಿಗೊಂದು ಮೊಬೈಲು, ಮಗಳ ಕಿವಿಗೊಂದು ಮೊಬೈಲು. ಎರಡರಿಂದಲೂ "ದಯವಿಟ್ಟು ಕಾಯಿರಿ" ಎಂಬ ದಿವ್ಯವಾಣಿ, ಅದರ ಹಿಂದೆಯೇ ಪಿಟೀಲು. ಆ ಪಿಟೀಲು ಕೇಳಿ ಕೇಳಿ ನಾನು ತಲೆದೂಗತೊಡಗಿದ್ದೆ. ನನ್ನವಳು ಕಣ್ಣು ಬಿಟ್ಟಳು, ನಿಲ್ಲಿಸಿದೆ. ಕೊನೆಗೊಂದು ಕಾಲೇಜು ಸಿಕ್ಕಿತು. ಅಲ್ಲಿನ ಪ್ರೊಫೆಸರು, ಒಬ್ಬ ಡಾಕ್ಟರಮ್ಮ, ಮಗಳ ಹತ್ತಿರ ಬಹಳ ಹೊತ್ತು ಮಾತಾಡಿ, "ಚೆನ್ನಾಗಿ ಹೇಳ್ತೀಯಮ್ಮ. ಮಧ್ಯಾಹ್ನದೊಳಗೆ ನಮ್ಮ ಆಫೀಸಿನವರು ಫೋನ್ ಮಾಡಿ ತಿಳಿಸ್ತಾರೆ" ಅಂದರಂತೆ. ಬೇರೆ ಕಾಲೇಜುಗಳನ್ನೂ ಬಿಡಬಾರದು, ಮನೆಯ ಎರಡು ಫೋನೂ ಎಂಗೇಜ್ ಇರುತ್ತವೆ ಎಂದು ನನ್ನವಳು ಬುದ್ಧಿ ಉಪಯೋಗಿಸಿ ನನ್ನ ಅಂಗಡಿಯ ನಂಬರು ಕೊಟ್ಟಳು.

"ರೀ, ಅಂಗಡಿಗೆ ಹೋಗಿ ಫೋನ್ ಪಕ್ಕದಲ್ಲಿ ಕೂತ್ಕೊಳ್ಳಿ. ಕಾಲೇಜಿನೋರು ಸೀಟು ಕೊಡ್ತೀವಿ ಅಂದ್ರೆ 'ಹೌದು' ಅನ್ನಿ. ಅಷ್ಟೇ."

"ಅದಕ್ಕಿಂತ ಮುಂಚೆ ಒಂದು ನಮಸ್ಕಾರ ಗಿಮಸ್ಕಾರ..."

"ಬೇಡ. ನೀವು ಬಾಯಿ ಬಿಟ್ರೆ ಮಾತು ಸ್ಪಂಜಿಗೆ ಹೋಗಿ ನಿಲ್ಲತ್ತೆ. ಬರೀ 'ಹೌದು'. ಎಲ್ಲಿ, ಒಂದ್ಸಲ ಹೇಳಿ?"

"ಹೌದು," ಎಂದೆ. ಈ ಒಂದು ಪದದಲ್ಲಿ ನನಗಿರುವಷ್ಟು ಸಾಧನೆ ಊರಿನ ಯಾವ ಗಂಡನಿಗೂ ಇಲ್ಲ. ಎದೆ ಸೆಟೆಸಿಕೊಂಡು ಅಂಗಡಿಗೆ ಹೋದೆ.

ಬಾಗಿಲು ತೆಗೆದು, ಫೋನನ್ನು ಹೊಲಿಗೆ ಯಂತ್ರದ ಪಕ್ಕಕ್ಕೆ ಎಳೆದುಕೊಂಡು ಕೂತಿದ್ದೆನಷ್ಟೆ. ಒಬ್ಬ ದಪ್ಪ ಕನ್ನಡಕದವರು ಬೋರ್ಡನ್ನು ಎರಡು ಸಲ ಓದಿ, ಅತ್ತ ಇತ್ತ ನೋಡಿ, ಒಳಗೆ ನುಸುಳಿದರು.

"ಒಂದು ಸೀಟು ಬೇಕಿತ್ತು," ಎಂದರು ಪಿಸುದನಿಯಲ್ಲಿ.

"ಅದಕ್ಕೇನಂತೆ, ಮಾಡಿಕೊಡೋಣ. ಮುಂದಿನದಾ, ಹಿಂದಿನದಾ?"

"ಮುಂದಿನ ಬಾಗಿಲಲ್ಲಿ ಆಗ್ಲಿಲ್ಲ ಸಾರ್. ಹಿಂದಿನದೇ ನೋಡಿ."

"ಚರ್ಮದ್ದೇ ಬೇಕಾ?"

"ಚರ್ಮದ್ದಾದ್ರೂ ಸರಿ, ಕಣ್ಣಿಂದಾದ್ರೂ ಸರಿ, ಮೂಳೇದಾದ್ರೂ ಸರಿ."

ಮೂಳೆಯ ಸೀಟು ನಾನೆಂದೂ ಹೊಲಿದವನಲ್ಲ. ಆದರೂ ಗಿರಾಕಿಯೆದುರು ಗೊತ್ತಿಲ್ಲ ಎನ್ನುವುದು ಹೇಗೆ? "ಚರ್ಮದ್ದೇ ತಗೊಳ್ಳಿ. ಐದು ವರ್ಷಕ್ಕೆ ನಾನು ಗ್ಯಾರಂಟಿ," ಎಂದೆ.

"ಐದೇ ವರ್ಷಕ್ಕೆ ಮುಗಿದುಹೋಗತ್ತಾ!" ಅವರ ಕಣ್ಣು ಕನ್ನಡಕಕ್ಕಿಂತ ದೊಡ್ಡದಾಯಿತು.

"ಛೆ ಛೆ, ಮುಗಿಯೋದಿಲ್ಲ. ಆಮೇಲೂ ಬರತ್ತೆ. ಎಲ್ಲಿ, ಕೂರೋರನ್ನ ಕರೀರಿ, ಅಳತೆ ತಗೋತೀನಿ."

ಅವರು ಹೊರಗೆ ನಿಂತಿದ್ದ ಉದ್ದನೆಯ ಮಗನನ್ನು ಕೈಹಿಡಿದು ಎಳೆದು ತಂದರು. "ತಿರುಗಿ ನಿಲ್ಲೋ, ಸಾಹೇಬ್ರು ಅಳತೆ ನೋಡ್ತಾರೆ!" ಎಂದರು. ಪಾಪ, ಹುಡುಗ ತಿರುಗಿ ನಿಂತ. ನಾನು ಟೇಪು ಹಿಡಿದು ಅವನ ಹಿಂದೆ ಬಗ್ಗಿದಾಗ ಅವನೇ, "ಅಪ್ಪಾ, ಮೆಡಿಕಲ್ ಸೀಟಿಗೆ ಇಲ್ಲೆಲ್ಲ ಅಳೀತಾರಾ?" ಎಂದ.

ಆಗ ನನ್ನ ತಲೆಗೆ ಹೊಳೆಯಿತು. "ಅಯ್ಯೋ, ನಾನು ಕೂರೋ ಸೀಟು ಹೊಲಿಯೋನು ಸ್ವಾಮಿ! ಡಾಕ್ಟರ್ ಸೀಟು ನನ್ನ ಹತ್ರ ಇಲ್ಲ. ಇದ್ದಿದ್ರೆ ನನ್ನ ಮಗಳಿಗೇ ಕೊಡ್ತಿರಲಿಲ್ವಾ?" ಎಂದು ಬೇಡಿಕೊಂಡೆ.

ಅವರು ಅರ್ಥಗರ್ಭಿತವಾಗಿ ಕಣ್ಣು ಹೊಡೆದರು. "ಗೊತ್ತು ಬಿಡಿ ಸಾರ್. ಎಲ್ರ ಎದುರಿಗೆ ಹೇಳೋಕಾಗಲ್ಲ. ಅದಕ್ಕೇ ಈ ಸ್ಪಂಜು ಗಿಂಜು ಎಲ್ಲ ಇಟ್ಕೊಂಡಿದೀರಿ." ಹೀಗೆಂದು ಕೆಳಗಿದ್ದ ಬಸ್ಸಿನ ಸೀಟಿನ ಮೇಲೆ ಕೂತು, ಯಾರಿಗೋ ಫೋನ್ ಮಾಡಿ, "ಜಾಗ ಸಿಕ್ತು, ಬೇಗ ಬಾ" ಎಂದರು.

ಆ 'ಯಾರಿಗೋ' ಇನ್ನಾರಿಗೋ ಹೇಳಿರಬೇಕು. ಸ್ವಲ್ಪ ಹೊತ್ತಿನಲ್ಲಿ ನನ್ನ ಅಂಗಡಿಯಲ್ಲಿ ಕಾಲಿಡಲು ಜಾಗವಿಲ್ಲ. ಮುರಿದ ಸೀಟು, ಹರಿದ ಸೀಟು, ಹೊಲಿಯದ ಸೀಟು, ಎಲ್ಲದರ ಮೇಲೂ ತಂದೆತಾಯಿಗಳು ವಿರಾಜಮಾನರು. ಕ್ಷೌರದ ಕುರ್ಚಿಯ ಮೇಲೆ ಹಸಿರು ಕೊಡೆ ಹಿಡಿದ ಒಬ್ಬ ಹೆಂಗಸು ಕೂತು, ಅದು ಗಿರ್ರನೆ ತಿರುಗಿದಾಗಲೆಲ್ಲ ಎಲ್ಲ ದಿಕ್ಕಿಗೂ ತಮ್ಮ ಮಗನ ಗುಣಗಾನ ಮಾಡುತ್ತಿದ್ದರು. ಮೇಲಿಂದ ಫೋನಿನ ಕಾಟ. ಇವರ ಪೈಕಿ ಯಾರೋ ಬೋರ್ಡಿನ ಮೇಲಿನ ನಂಬರನ್ನು ಊರಿಗೆಲ್ಲ ಹಂಚಿಬಿಟ್ಟಿದ್ದರು. ಟ್ರಿಣ್ ಎಂದರೆ "ಸಾರ್, ಮೆಡಿಕಲ್ ಸೀಟು ಇದೆಯಾ?", "ಇಲ್ಲ." ಟ್ರಿಣ್, "ಅಣ್ಣಾ, ಒಂದೇ ಒಂದು ಮೆಡಿಕಲ್ ಸೀಟು", "ಇಲ್ಲ." ತಲೆ ಚಿಟ್ಟು ಹಿಡಿಯಿತು. ಹೌದು ಎನ್ನಲು ಬಂದವನು ಬೆಳಗಿನಿಂದ ಇಲ್ಲ ಇಲ್ಲ ಎಂದು ಜಪ ಮಾಡುತ್ತಿದ್ದೆ. ನಿಜ ಹೇಳಬೇಕೆಂದರೆ, ಆ ಪದದ ರುಚಿಯೂ ಸ್ವಲ್ಪ ಹತ್ತಿತ್ತು.

ಮತ್ತೆ ಟ್ರಿಣ್. ಒಂದು ಮೆತ್ತನೆಯ ದನಿ.

"ನಮಸ್ಕಾರ. ಮೆಡಿಕಲ್ ಸೀಟಿನ ವಿಚಾರ ಮಾತಾಡೋಕೆ..."

"ಇಲ್ಲ ರೀ!"

"ಏನಿಲ್ಲ?"

"ಮೆಡಿಕಲ್ ಸೀಟು ಇಲ್ಲ!"

"ಇದೆ ಸಾರ್."

"ಇಲ್ಲಾ ಅಂದ್ರೆ ಇಲ್ಲ! ನನಗೇ ಹೇಳ್ತೀರಾ?"

"ಸಾರ್, ನಮ್ಮ ಹತ್ರ ಒಂದಿದೆ, ಅದನ್ನ..."

"ನಿಮ್ಮ ಹತ್ರ ಇದ್ರೆ ನೀವೇ ಇಟ್ಕೊಳ್ಳಿ! ಅದರ ಮೇಲೆ ನೀವೇ ಕೂತ್ಕೊಳ್ಳಿ! ನನಗೆ ಬೇಡ, ನನ್ನ ವಂಶಕ್ಕೇ ಬೇಡ!" ಎಂದು ಗುಡುಗಿ ಫೋನು ಕುಕ್ಕಿದೆ. ಕ್ಷೌರದ ಕುರ್ಚಿಯೂ ತಿರುಗುವುದನ್ನು ನಿಲ್ಲಿಸಿತು. ನನ್ನ ಗಂಟಲಲ್ಲಿ ಇಂಥ ಸಿಂಹ ಇತ್ತೆಂದು ನನಗೇ ತಿಳಿದಿರಲಿಲ್ಲ.

ಮೀಸೆಯ ಮೇಲೆ ಕೈಯಾಡಿಸುವಷ್ಟರಲ್ಲಿ ಹಸಿರು ಕೊಡೆಯವರ ಮೊಬೈಲು ಹಾಡಿತು. ಅವರು ಕೇಳಿಸಿಕೊಂಡರು, ಕಿರುಚಿದರು, ಕುರ್ಚಿಯ ಮೇಲೆಯೇ ಮೂರು ಸುತ್ತು ತಿರುಗಿದರು.

"ಸಿಕ್ತು! ನಮ್ಮ ಹುಡುಗನಿಗೆ ಸೀಟು ಸಿಕ್ತು! ಯಾರೋ ಅವಿವೇಕಿ ಬೇಡ ಅಂದ್ನಂತೆ, ಅದಕ್ಕೇ ನಮಗೆ ಬಂತಂತೆ!"

ಎಲ್ಲರೂ ಚಪ್ಪಾಳೆ ತಟ್ಟಿದರು. "ಎಂಥ ಅವಿವೇಕಿ ಇರಬೇಕು!" ಎಂದು ಕನ್ನಡಕದವರು ನಕ್ಕರು. ನಾನೂ ಹೊಟ್ಟೆ ಹಿಡಿದುಕೊಂಡು ನಕ್ಕೆ. ಇಂಥವರನ್ನೆಲ್ಲ ಹೆತ್ತವರು ಮನೆಯಿಂದ ಹೊರಗೆ ಬಿಡಬಾರದು ಎಂದೂ ಹೇಳಿದೆ. ಆಮೇಲೆ ಸುಮ್ಮನಿರಲಾರದೆ, "ಯಾವ ಕಾಲೇಜಮ್ಮ?" ಎಂದೆ.

ಅವರು ಹೇಳಿದರು. ನಾನು ಕೆಳಗೆ ಕೂತೆ. ಅಂಗಡಿ ತುಂಬ ಸೀಟಿದ್ದೂ ನೆಲದ ಮೇಲೆ ಕೂತೆ. ಆ ಹೆಂಗಸು ಬಂದು ನನ್ನ ಎರಡೂ ಕೈ ಹಿಡಿದುಕೊಂಡು, "ನಿಮ್ಮ ಕೈಗುಣ ಸಾರ್! ಕೂರಿಸಿಬಿಟ್ಟು ಸೀಟು ಮಾಡಿಕೊಟ್ರಿ!" ಎಂದು ಕಣ್ಣೊರೆಸಿಕೊಂಡರು. ಅವರು ಒರೆಸಿಕೊಂಡಿದ್ದು ಸಂತೋಷದ ನೀರು. ನನ್ನದು ಬೇರೆ.

ಬಾಗಿಲು ಎಳೆದುಕೊಂಡು ಮನೆಗೆ ಬಂದೆ. ಹೇಗೆ ಹೇಳಿದೆನೋ, ಎಲ್ಲಿಂದ ಶುರು ಮಾಡಿದೆನೋ ನೆನಪಿಲ್ಲ.

"ಏನಂದ್ರೀ?" ಎಂದಳು ನನ್ನವಳು.

"ವಂಶಕ್ಕೇ ಬೇಡ ಅಂದೆ ಕಣೇ."

"ನನ್ನನ್ನ ಕೇಳದೇ ಒಂದು ಪರದೆ ಬಟ್ಟೆ ಆರಿಸಿದೋರಲ್ಲ ನೀವು! ಮಗಳ ಬಾಳನ್ನ ತೀರ್ಮಾನ ಮಾಡಿಬಿಟ್ರಾ? ಒಂದು ಪದ ರೀ! ಒಂದೇ ಒಂದು ಪದ ಕೊಟ್ಟು ಕಳಿಸಿದ್ದೆ!"

"ನೀನು ಪದ ಕೊಟ್ಟೆ, ಪ್ರಶ್ನೆ ಏನಿರತ್ತೆ ಅಂತ ಹೇಳಲಿಲ್ಲ," ಎಂದುಬಿಟ್ಟೆ. ಹೇಳಬಾರದಿತ್ತು. ಮುಂದಿನದನ್ನು ಬರೆಯುವುದಿಲ್ಲ, ಓದುವವರಲ್ಲಿ ಮಕ್ಕಳೂ ಇರಬಹುದು.

ಮಗಳ ಮುಖ ನೋಡಲು ನನಗೆ ಧೈರ್ಯವಿರಲಿಲ್ಲ. ಇಷ್ಟು ವರ್ಷ ಓದಿದ್ದು ನನ್ನ ಒಂದು ಕೂಗಿಗೆ ಹೋಯಿತಲ್ಲ ಎಂದು ಕುಗ್ಗಿಹೋಗಿದ್ದೆ. ಅವಳು ಎದ್ದು ಬಂದು ನನ್ನನ್ನು ಕುರ್ಚಿಯಲ್ಲಿ ಕೂರಿಸಿದಳು. ಒಂದು ಲೋಟ ನೀರು ಕೈಗಿಟ್ಟಳು. ಅಮ್ಮನನ್ನು ಅಡುಗೆಮನೆಗೆ ಕಳಿಸಿದಳು. ಆಮೇಲೆ ಫೋನು ಕೈಗೆತ್ತಿಕೊಂಡು ಅದೇ ಪಿಟೀಲಿಗೆ ಕಿವಿಕೊಟ್ಟು ಕೂತಳು. ಕೊನೆಗೆ ಬೆಳಗಿನ ಅದೇ ಡಾಕ್ಟರಮ್ಮ ಸಿಕ್ಕರು. ಸ್ಪೀಕರು ಹಾಕಿದ್ದರಿಂದ ನನಗೂ ಕೇಳಿಸುತ್ತಿತ್ತು.

"ನಿಮ್ಮ ಮನೆಯವರೇ ಬೇಡ ಅಂದ್ರಂತಲ್ಲಮ್ಮ. ನಮ್ಮ ಆಫೀಸಿನ ಹುಡುಗಿ ಹೆದರಿ ಇನ್ನೂ ನಡುಗ್ತಿದಾಳೆ."

"ಅವರು ನಮ್ಮಪ್ಪ ಮೇಡಂ. ಸೀಟು ಹೊಲೀತಾರೆ. ಬೆಳಗಿನಿಂದ ಊರೆಲ್ಲ ಅವರ ಹತ್ರ ಮೆಡಿಕಲ್ ಸೀಟು ಕೇಳ್ತಿತ್ತು."

ಆ ಕಡೆ ಕೆಮ್ಮಿದಂತಾಯಿತು. ನಗು ತಡೆಯುವವರ ಕೆಮ್ಮು.

"ಈಗ ಹೇಗಿದಾರೆ?"

"ಬೆವರ್ತಿದಾರೆ. ಕೂರಿಸಿ ನೀರು ಕೊಟ್ಟಿದೀನಿ. ಬೈಯೋರನ್ನ ದೂರ ಕಳಿಸಿದೀನಿ. ನಾಡಿ ಜೋರಾಗಿದೆ, ಇಳೀತಾ ಇದೆ."

ಆಗಲೇ ನನಗೆ ಗೊತ್ತಾಗಿದ್ದು, ಅವಳ ಎರಡು ಬೆರಳು ನನ್ನ ಮಣಿಕಟ್ಟಿನ ಮೇಲಿದ್ದವು.

"ಈಗಷ್ಟೇ ಒಬ್ಬ ಹುಡುಗ ಸೀಟು ಬಿಟ್ಟ. ಹೆಣ ಕೊಯ್ಯಬೇಕಾಗತ್ತೆ ಅಂತ ಅವನಿಗೆ ಇವತ್ತು ಗೊತ್ತಾಯ್ತಂತೆ," ಎಂದರು ಡಾಕ್ಟರಮ್ಮ. "ಅದು ನಿನಗೆ. ಆದರೆ ಒಂದು ಮಾತು. ಮೊದಲನೇ ದಿನ ನಿಮ್ಮ ತಂದೇನೂ ಕರ್ಕೊಂಡು ಬರಬೇಕು."

ಅಡುಗೆಮನೆಯಿಂದ ಸಂತೋಷದ ಕೂಗು ಬಂತು, ಜೊತೆಗೆ ಒಂದು ಪಾತ್ರೆಯೂ ಬಿತ್ತು. ನಾನು ಮಗಳ ತಲೆ ನೇವರಿಸಿ ಅತ್ತುಬಿಟ್ಟೆ. ಅಳುವಿನ ನಡುವೆಯೂ ಹೆಮ್ಮೆಯಿಂದ, "ವೇದಿಕೆ ಮೇಲೆ ಕೂರಿಸ್ತಾರೇನೋ," ಎಂದೆ.

ವೇದಿಕೆಯ ಮೇಲೆಯೇ ಕೂರಿಸಿದರು. ಹೊಸ ಬಟ್ಟೆ ತೊಟ್ಟು ಹೋಗಿದ್ದೆ, ನನ್ನವಳೂ ಹಿಂದಿನ ಸಾಲಿನಲ್ಲಿದ್ದಳು. ಡಾಕ್ಟರಮ್ಮ ನನ್ನ ಭುಜದ ಮೇಲೆ ಕೈಯಿಟ್ಟು, ಬಿಳಿ ಕೋಟಿನ ಮಕ್ಕಳಿಗೆಲ್ಲ, "ಇವತ್ತಿನ ಪಾಠ, ರೋಗಿಯನ್ನ ಮಾತಾಡಿಸೋದು ಹೇಗೆ. ಇವರು ನಮ್ಮ ರೋಗಿ. ಯಾರೋ ಕೊಡೋಕೆ ಬಂದಿದ್ದನ್ನ ಕಿರುಚಿ ವಾಪಸ್ ಕಳಿಸ್ತಾರೆ. ಎಲ್ಲಿ, ಮೊದಲನೇ ಪ್ರಶ್ನೆ ಯಾರು ಕೇಳ್ತೀರಿ?" ಎಂದರು.

ನನ್ನ ಮಗಳೇ ಎದ್ದು ನಿಂತಳು. ಕೊರಳಿನ ಹೊಸ ಸ್ಟೆತಸ್ಕೋಪು ಸರಿಮಾಡಿಕೊಂಡು, ಬಹಳ ಗಂಭೀರವಾಗಿ, "ಇವರಿಗೆ ಎಷ್ಟು ದಿನದಿಂದ ಹೀಗಿದೆ?" ಎಂದು ಕೇಳಿದಳು.

ನಾನು ಬಾಯಿ ತೆರೆಯುವ ಮೊದಲೇ ಹಿಂದಿನ ಸಾಲಿನಿಂದ ಉತ್ತರ ಬಂತು: "ಮದುವೆ ಆದಾಗಿಂದ, ಡಾಕ್ಟ್ರೇ!"